ದೊಡ್ಡಕ್ಕ ಆರಿಸಿದ ಗಾಡಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಅಂತಲೇ ಕರೆಯುತ್ತಿದ್ದರು. ವಯಸ್ಸಿನಲ್ಲೂ ಅನುಭವದಲ್ಲೂ ಅಲ್ಲಿ ಅವಳೇ ದೊಡ್ಡವಳು, ನಿಜ. ಆದರೆ ಎತ್ತರದಲ್ಲಿ ಅವಳಿಗಿಂತ ಗಿಡ್ಡವರು ಆ ಕಟ್ಟಡದಲ್ಲೇ ಇರಲಿಲ್ಲ. ಯಂತ್ರದ ದುಂಡು ಬಾಗಿಲೊಳಗೆ ಕೈಹಾಕಿ ಒದ್ದೆ ಬೆಡ್‌ಶೀಟುಗಳನ್ನು ಎಳೆಯಬೇಕಾದರೆ ಮರದ ಮಣೆಯ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಹೊಸದಾಗಿ ಕೆಲಸಕ್ಕೆ ಸೇರಿದವರು "ದೊಡ್ಡಕ್ಕ ಎಲ್ಲಿ?" ಎಂದು ತಲೆಯೆತ್ತಿ ಹುಡುಕಿದರೆ, "ಸ್ವಲ್ಪ ಕೆಳಗೆ ನೋಡಮ್ಮ, ಇಲ್ಲೇ ಇದ್ದೀನಿ" ಅನ್ನುತ್ತಿದ್ದಳು.

ಇಪ್ಪತ್ತನಾಲ್ಕು ವರ್ಷ ಆ ಬಿಸಿಯಲ್ಲಿ, ಆ ಸೋಪಿನ ವಾಸನೆಯಲ್ಲಿ ಕಳೆದಿದ್ದಳು. ಬೆಳಿಗ್ಗೆ ಆರಕ್ಕೆ ಪಾಳಿ ಶುರು. ವಾರ್ಡುಗಳಿಂದ ಬಂದ ಗಂಟುಗಳನ್ನು ಬಿಚ್ಚಿ, ರಕ್ತದ ಕಲೆಯವು ಬೇರೆ, ಔಷಧಿ ಕಲೆಯವು ಬೇರೆ ಎಂದು ವಿಂಗಡಿಸಿ, ಒಗೆಸಿ, ಒಣಗಿಸಿ, ಬಿಸಿ ರೋಲರಿಗೆ ಕೊಟ್ಟು, ಮಡಚಿ ಕಳಿಸುವುದು. ಮಣಿಕಟ್ಟುಗಳು ನೋಯುತ್ತಲೇ ಇರುತ್ತಿದ್ದವು. ಆ ನೋವಿಗೂ ಅವಳಿಗೂ ಎಷ್ಟು ಒಗ್ಗಿಹೋಗಿತ್ತೆಂದರೆ, ಒಂದು ದಿನ ನೋಯದಿದ್ದರೆ ಏನೋ ಮರೆತು ಬಂದ ಹಾಗೆ ಅನಿಸುತ್ತಿತ್ತು.

ಅವಳ ಗಂಡ ಬಸ್ ಡ್ರೈವರ್. ಇಪ್ಪತ್ತೆಂಟು ವರ್ಷ ಅದೇ ಕೆಲಸ. ಬಸ್ ಹೊರಡುವ ಮುಂಚೆ ಕನ್ನಡಿಯಲ್ಲಿ ಹಿಂದೆ ನೋಡಿ, "ಎಲ್ಲರೂ ಕೂತ್ಕೊಂಡ್ರಾ? ಹೊರಡೋಣ್ವಾ?" ಎಂದು ಗಂಭೀರವಾಗಿ ಕೇಳುವ ಅಭ್ಯಾಸ ಅವನಿಗಿತ್ತು. ಅದನ್ನು ಕೇಳಿ ಯಾರೋ ಪ್ರಯಾಣಿಕರು ಪೈಲಟ್ ಎಂದು ಹೆಸರಿಟ್ಟರು. ಡಿಪೋದಲ್ಲಿ, ಬೀದಿಯಲ್ಲಿ, ಕೊನೆಗೆ ಮನೆಯಲ್ಲೂ ಅದೇ ನಿಂತಿತು. ಅಷ್ಟು ದೊಡ್ಡ ಬಸ್ ಓಡಿಸುತ್ತಿದ್ದವನ ಮನೆಯಲ್ಲಿ ಇದ್ದದ್ದು ಒಂದೇ ಸ್ಕೂಟರ್. ಬೆಳಗಾಗುವ ಹೊತ್ತಿಗೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಯ ಹಿಂಬಾಗಿಲಲ್ಲಿ ಇಳಿಸಿ ಅವನು ಡಿಪೋಗೆ ಹೋಗುತ್ತಿದ್ದ. ಅವನ ಬೆನ್ನಿಗೆ ಕೆನ್ನೆ ಆನಿಸಿ ಇನ್ನೊಂದು ಹತ್ತು ನಿಮಿಷ ಕಣ್ಣುಮುಚ್ಚುವುದು ಅವಳ ಲೆಕ್ಕದಲ್ಲಿ ನಿದ್ದೆಯ ಭಾಗವೇ ಆಗಿತ್ತು.

ಒಂದು ಮಧ್ಯಾಹ್ನ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಟೀ ಲೋಟ ಕೈಯಲ್ಲಿ ಹಿಡಿದು ಕೂತಿದ್ದ ಪೈಲಟ್ ಹಾಗೆಯೇ ಪಕ್ಕಕ್ಕೆ ಉರುಳಿದ. ಫಿಟ್ಸ್. ಬದುಕಿನಲ್ಲಿ ಮೊದಲ ಸಲ. ಡಾಕ್ಟರು ತಲೆಯೊಳಗಿನ ಫೋಟೋ ತೆಗೆಸಿ, ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿಸಿ, ಮಾತ್ರೆ ಬರೆದು, "ಡ್ರೈವಿಂಗ್ ಇನ್ನು ಬೇಡ. ಎರಡು ವರ್ಷ ಮತ್ತೆ ಬರದೇ ಇದ್ರೆ ಆಮೇಲೆ ನೋಡೋಣ" ಅಂದರು. ಅವನು ಲೈಸೆನ್ಸನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರು, "ನನಗಲ್ಲಪ್ಪ, ಆಫೀಸಿಗೆ ಕೊಡಿ" ಅಂದರು.

ಡಿಪೋದವರು ಅವನನ್ನು ಕೈಬಿಡಲಿಲ್ಲ. ಕೀಲಿ ಕೊಡುವ ಕಿಟಕಿಯಲ್ಲಿ ಕೂರಿಸಿದರು. ಬೆಳಿಗ್ಗೆ ಬರುವ ಡ್ರೈವರುಗಳಿಗೆ ಬಸ್ಸಿನ ಕೀಲಿ ಕೊಟ್ಟು ಸಹಿ ಹಾಕಿಸಿಕೊಳ್ಳುವುದು, ಸಂಜೆ ವಾಪಸು ತೆಗೆದುಕೊಂಡು ಗೋಡೆಯ ಕೊಕ್ಕೆಗೆ ನೇತುಹಾಕುವುದು. ಮನೆಗೆ ಬಂದು ಅವನು ಆ ಬಗ್ಗೆ ತುಟಿಪಿಟಕ್ ಅನ್ನಲಿಲ್ಲ. ಸ್ಕೂಟರನ್ನು ಮಾತ್ರ ಆ ವಾರವೇ ಮಾರಿಬಿಟ್ಟ. ಅಂಗಳದಲ್ಲಿ ಅದು ನಿಂತಿರುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ.

ಅದೇ ಹೊತ್ತಿಗೆ ಆಸ್ಪತ್ರೆಯವರು ಬಟ್ಟೆ ಒಗೆಯುವ ವಿಭಾಗವನ್ನು ಊರಾಚೆಯ ಹೊಸ ಕಟ್ಟಡಕ್ಕೆ ಸಾಗಿಸಿದರು. ದೊಡ್ಡಕ್ಕನಿಗೆ ಈಗ ಎರಡು ಬಸ್ಸು, ಆಮೇಲೆ ಲಾರಿಗಳು ಓಡಾಡುವ ರಸ್ತೆಯ ಅಂಚಿನಲ್ಲಿ ಅರ್ಧ ಗಂಟೆ ನಡಿಗೆ. ಮೊದಲ ಬಸ್ಸು ತಪ್ಪಿದರೆ ಆ ದಿನದ ಪಾಳಿಯೇ ತಪ್ಪಿದ ಹಾಗೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರೆ, ಏಳಲು ಮನಸ್ಸು ಬರುತ್ತಿರಲಿಲ್ಲ. ಒಂದು ದಿನ ಬೇರೆ ಊರಲ್ಲಿ ಕೆಲಸಕ್ಕಿರುವ ಮಗಳು ಫೋನಿನಲ್ಲಿ ತಾಯಿಯ ದನಿ ಕೇಳಿಯೇ, "ಅಮ್ಮ, ಹೀಗೆ ಎಷ್ಟು ದಿನ? ನೀನೇ ಡ್ರೈವಿಂಗ್ ಕಲಿ. ಒಂದು ಕಾರು ತಗೊಳ್ಳಿ" ಅಂದಳು.

"ಐವತ್ತಾಯ್ತು ಕಣೇ ನನಗೆ."

"ಆಗ್ಲಿ ಬಿಡು. ಐವತ್ತೊಂದಾದ್ರೂ ಬಸ್ಸಿಗೆ ಓಡೋದು ತಪ್ಪಲ್ಲ."

ಆ ಮಾತು ದೊಡ್ಡಕ್ಕನ ತಲೆಯಲ್ಲಿ ಕೂತಿತು. ಗಂಡನಿಗೆ ಹೇಳದೆ ಡ್ರೈವಿಂಗ್ ಶಾಲೆಗೆ ಸೇರಿದಳು. ಒಂದು ವಾರ ಕಳೆದ ಮೇಲೆ ಗೊತ್ತಾದಾಗ ಪೈಲಟ್ ಮುಖ ಊದಿಸಿಕೊಂಡ. "ಮನೇಲಿ ನಾನಿಲ್ವಾ ಕಲಿಸೋಕೆ?" ಅಂದ. ಅವನು ಕಲಿಸಲು ಕೂತರೆ ಮೂರನೇ ದಿನಕ್ಕೆ ತಾವಿಬ್ಬರೂ ಮಾತು ಬಿಡುತ್ತೇವೆ ಎಂಬುದು ಅವಳಿಗೆ ಗೊತ್ತಿತ್ತು. "ನಿಮ್ಮದು ಬಸ್ಸಿನ ಕೈ. ನನಗೆ ಸಣ್ಣದು ಸಾಕು" ಎಂದು ತೇಲಿಸಿದಳು. ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. ಮೊದಲ ಸಲ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿತು. ಎರಡನೇ ಸಲ ಕನ್ನಡಿ ನೋಡುವುದನ್ನೇ ಮರೆತಳು. ಮೂರನೇ ಸಲ ಪಾಸಾಗಿ ಲೈಸೆನ್ಸು ಕೈಗೆ ಬಂದಾಗ ಖುಷಿಗಿಂತ ಹೆಚ್ಚಾಗಿ, ಒಂದು ಕೆಲಸ ಮುಗಿಯಿತಲ್ಲ ಎಂಬ ನಿಟ್ಟುಸಿರೇ ಬಂತು.

ಆದರೆ ಕೆಲಸ ಮುಗಿದಿರಲಿಲ್ಲ. ಕಾರು ಆರಿಸಬೇಕಿತ್ತು.

ಪೈಲಟ್‌ಗೆ ಈ ವಿಷಯದಲ್ಲಿ ಎಲ್ಲಿಲ್ಲದ ಹುರುಪು ಬಂತು. ತಿಂಗಳುಗಳಿಂದ ಗೋಡೆ ನೋಡಿಕೊಂಡು ಕೂರುತ್ತಿದ್ದವನು ಈಗ ಕಾಗದ ಹಿಡಿದು ಪಟ್ಟಿ ಮಾಡತೊಡಗಿದ. ಎಂಜಿನ್ ಇಷ್ಟು ದೊಡ್ಡದಿರಬೇಕು, ಡೀಸೆಲ್ಲೇ ಆಗಬೇಕು, ನೆಲಕ್ಕೂ ಗಾಡಿಗೂ ಇಷ್ಟು ಅಂತರ ಬೇಕು, ಹಿಂದೆ ಮೂವರು ಕಾಲು ಚಾಚಿ ಕೂರುವಂತಿರಬೇಕು. "ಗಾಡಿ ಅಂದ್ಮೇಲೆ ಮೈ ಕೈ ತುಂಬಿಕೊಂಡಿರಬೇಕು ಕಣೇ. ಡಬ್ಬಿ ಥರ ಇರೋದೆಲ್ಲ ಗಾಡಿನಾ?"

ಹಿಂದೆ ಕೂರುವ ಆ ಮೂವರು ಯಾರು ಎಂದು ದೊಡ್ಡಕ್ಕ ಕೇಳಲಿಲ್ಲ. ಅವನು ಯಾರಿಗಾಗಿ ಗಾಡಿ ಹುಡುಕುತ್ತಿದ್ದಾನೆ ಎಂಬುದು ಅವಳಿಗೆ ಅರ್ಥವಾಗಿತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿದಿನ ಪೆನ್ಸಿಲಿನಿಂದ ಒಂದು ಚಿಕ್ಕ ಚುಕ್ಕೆ ಇಡುತ್ತಿದ್ದನಲ್ಲ, ಫಿಟ್ಸ್ ಬಾರದೆ ಕಳೆದ ದಿನಗಳ ಗುರುತು. ಎರಡು ವರ್ಷ ತುಂಬಿದ ಮರುದಿನ ಸ್ಟೀರಿಂಗ್ ಹಿಂದೆ ಕೂರುವ ಪೈಲಟ್‌ಗಾಗಿ ಅವನು ಗಾಡಿ ಹುಡುಕುತ್ತಿದ್ದ. ಅದನ್ನು ಬಾಯಿಬಿಟ್ಟು ಹೇಳಿ ಅವನ ಹುರುಪಿಗೆ ತಣ್ಣೀರೆರಚಲು ಅವಳಿಗೆ ಮನಸ್ಸಾಗಲಿಲ್ಲ. ಹೇಳುವಷ್ಟು ಶಕ್ತಿಯೂ ಇರಲಿಲ್ಲ.

ವಾರಕ್ಕೊಂದು ರಜೆ ಭಾನುವಾರ. ಆ ಭಾನುವಾರಗಳೆಲ್ಲ ಕಾರಿನ ಅಂಗಡಿಗಳ ಪಾಲಾದವು. ಮೊದಲು ಹೋದದ್ದು ಗಾಜಿನ ಗೋಡೆಯ ಒಂದು ದೊಡ್ಡ ಶೋರೂಮಿಗೆ. ಟೈ ಕಟ್ಟಿದ ಮಾರಾಟದವನು ಅರ್ಧ ಗಂಟೆ ಪೈಲಟ್‌ನ ಮುಖ ನೋಡಿಯೇ ಮಾತಾಡಿದ. ಎಂಜಿನ್ನು, ಮೈಲೇಜು, ಪಿಕಪ್ಪು. ಕೊನೆಗೆ ಇವಳ ಕಡೆ ತಿರುಗಿ, "ಮೇಡಂಗೆ ಯಾವ ಕಲರ್ ಇಷ್ಟ?" ಎಂದು ಕೇಳಿದ.

"ಓಡಿಸೋಳು ನಾನಪ್ಪ" ಅಂದಳು ದೊಡ್ಡಕ್ಕ.

ಅವನು ತಬ್ಬಿಬ್ಬಾಗಿ ಪೈಲಟ್‌ನ ಕಡೆ ನೋಡಿದ. ಪೈಲಟ್ ಮೇಲ್ಛಾವಣಿಯ ದೀಪ ನೋಡುತ್ತಿದ್ದ. ಆಮೇಲೆ ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಸೀಟನ್ನು ಪೂರ್ತಿ ಮುಂದೆ ಎಳೆದರೂ ಕ್ಲಚ್ಚಿಗೆ ಕಾಲಿನ ತುದಿ ಮಾತ್ರ ಮುಟ್ಟಿತು. ಮುಂದೆ ಸ್ಟೀರಿಂಗು, ಅದರ ಮೇಲೆ ಡ್ಯಾಶ್‌ಬೋರ್ಡು, ಅದರಾಚೆ ಆಕಾಶ. ರಸ್ತೆ ಎಲ್ಲಿಂದ ಶುರುವಾಗುತ್ತದೆ ಎಂದೇ ಕಾಣುತ್ತಿರಲಿಲ್ಲ.

"ಅಭ್ಯಾಸ ಆಗುತ್ತೆ ಮೇಡಂ" ಅಂದ ಮಾರಾಟದವನು.

"ಏನು, ನಾನು ಎತ್ತರ ಆಗ್ತೀನಾ?"

ಅವನು ನಕ್ಕ, ಅವಳು ನಗಲಿಲ್ಲ. ಗಂಡ ಇನ್ನೊಂದು ಗಾಡಿಯ ಬಾನೆಟ್ ತೆಗೆಸಿ ಬಗ್ಗಿ ನೋಡುವಷ್ಟರಲ್ಲಿ ಅವಳು ಶೋರೂಮಿನ ಸೋಫಾದಲ್ಲಿ ಕೂತಲ್ಲೇ ನಿದ್ದೆಹೋಗಿದ್ದಳು. ಎಚ್ಚರವಾದಾಗ ಎದುರಿನ ಟೀಪಾಯಿಯ ಮೇಲೆ ಅವಳಿಗೆಂದು ಇಟ್ಟ ಕಾಫಿ ತಣ್ಣಗಾಗಿ ಕೆನೆಗಟ್ಟಿತ್ತು.

ಹೊಸದು ಬೇಡ, ಹಳೆಯದೇ ನೋಡೋಣ ಎಂದು ಇಬ್ಬರೂ ಒಪ್ಪಿಕೊಂಡರು. ಹಳೆ ಗಾಡಿ ವಿಷಯದಲ್ಲಿ ಪೈಲಟ್‌ನನ್ನು ಮೀರಿಸುವವರಿರಲಿಲ್ಲ. ಒಂದು ಕಡೆ ಪಳಪಳ ಹೊಳೆಯುವ ಬಿಳಿ ಕಾರು. ಮಾರುವವನು ಒಬ್ಬರೇ ಓಡಿಸಿದ್ದು, ಮನೆ ಬಿಟ್ಟರೆ ಆಫೀಸು ಎಂದು ಹಾಡಿಹೊಗಳುತ್ತಿದ್ದ. ಪೈಲಟ್ ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದ. ಎಂದೂ ಹೊರಗೆ ಬಾರದ ಆ ಕೊನೆಯ ಗೇಣು ಬೆಲ್ಟಿನ ಮೇಲೆ ಒಣಗಿದ ಕೆಸರಿನ ಗೆರೆ ಇತ್ತು. ಅದನ್ನು ಮೂಸಿ ನೋಡಿ, "ಇದು ನೆರೆ ನೀರಲ್ಲಿ ಈಜಾಡಿಕೊಂಡು ಬಂದ ಗಾಡಿ. ಬಾರೇ, ಹೋಗೋಣ" ಅಂದ. ಆ ಕ್ಷಣ ಗಂಡನ ಬಗ್ಗೆ ಅವಳಿಗೆ ಹೆಮ್ಮೆಯೆನಿಸಿತು. ಎಷ್ಟೋ ತಿಂಗಳ ನಂತರ ಅವನ ನಡಿಗೆಯಲ್ಲಿ ಹಳೆಯ ಠೀವಿ ಕಂಡಿತ್ತು.

ಎಡವಟ್ಟಾದದ್ದು ಅದರ ಮುಂದಿನ ಭಾನುವಾರ. ಊರಿನ ಇನ್ನೊಂದು ತುದಿಯಲ್ಲಿ ಹಳೆ ಕಾರುಗಳ ಒಂದು ಅಂಗಳ. ಅಲ್ಲಿ ಪೈಲಟ್‌ಗೆ ತಾನು ಪಟ್ಟಿಯಲ್ಲಿ ಬರೆದಂಥದ್ದೇ ಗಾಡಿ ಸಿಕ್ಕಿತು. ಕಡುನೀಲಿ ಬಣ್ಣ, ಉದ್ದನೆಯ ಮೂತಿ. ಅವನು ಅದರ ಬಾಗಿಲನ್ನು ಎರಡು ಸಲ ತೆಗೆದು ಹಾಕಿದ, ಸದ್ದು ಕೇಳುವುದಕ್ಕೇ. ಅಂಗಳದವನು ದೊಡ್ಡಕ್ಕನ ಲೈಸೆನ್ಸನ್ನು ಇಟ್ಟುಕೊಂಡು, "ಒಂದು ರೌಂಡು ಹೋಗಿ ಬನ್ನಿ" ಎಂದು ಕೀಲಿ ಕೊಟ್ಟ. ಅವಳು ಬೆನ್ನ ಹಿಂದೆ ದಿಂಬಿಟ್ಟುಕೊಂಡು ಕೂತಳು. ಪಕ್ಕದಲ್ಲಿ ಗಂಡ.

ಗೇಟು ದಾಟುವ ಮುಂಚೆಯೇ ಶುರುವಾಯಿತು. "ಸೆಕೆಂಡಿಗೆ ಹಾಕು. ಇನ್ನೂ ಯಾಕೆ ಫಸ್ಟಲ್ಲಿದೀಯಾ? ಆ ಕಡೆ ನೋಡು. ಈ ಕಡೆ ಅಲ್ಲ, ಆ ಕಡೆ!" ಅವನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು. ಅವಳ ಅಂಗೈ ಬೆವರಿ ಸ್ಟೀರಿಂಗ್ ಜಾರುತ್ತಿತ್ತು. ನಾಲ್ಕು ರಸ್ತೆ ಕೂಡುವಲ್ಲಿ ಹಸಿರು ದೀಪ ಬಂತು, ಅವಳು ಕ್ಲಚ್ ಬಿಡತೊಡಗಿದಳು. ಅಷ್ಟರಲ್ಲಿ ಎದುರಿಗೆ ಒಂದು ಬೈಕು ಅಡ್ಡ ಬಂದದ್ದೇ ತಡ, ಪೈಲಟ್ "ಬ್ರೇಕ್! ಬ್ರೇಕ್ ಹಿಡಿಯೇ!" ಎಂದು ಕಿರುಚಿ ಹ್ಯಾಂಡ್‌ಬ್ರೇಕನ್ನು ತಾನೇ ಎಳೆದುಬಿಟ್ಟ. ಗಾಡಿ ಮುಗ್ಗರಿಸಿ ನಡುರಸ್ತೆಯಲ್ಲಿ ಆಫಾಯಿತು. ಬೈಕಿನವನು ಆರಾಮಾಗಿ ದಾಟಿಹೋದ. ಹಿಂದಿನಿಂದ ಹಾರನ್ನುಗಳ ಸುರಿಮಳೆ.

"ಅವನನ್ನ ನಾನೂ ನೋಡಿದ್ದೆ" ಅಂದಳು ದೊಡ್ಡಕ್ಕ.

"ನೋಡಿದ್ದೆ ಅಂತೆ! ನಿನ್ನ ಕೈಲಿ ಆಗಲ್ಲ ಅಂತ ಮೊದಲೇ ಗೊತ್ತಿತ್ತು ನನಗೆ."

ಅವಳು ಜಗಳವಾಡಲಿಲ್ಲ. ಮಿನುಗುವ ದೀಪದ ಗುಂಡಿ ಒತ್ತಿದಳು. ಬೆಲ್ಟ್ ಬಿಚ್ಚಿದಳು, ಬ್ಯಾಗು ತೆಗೆದುಕೊಂಡಳು, ಬಾಗಿಲು ತೆಗೆದು ಇಳಿದಳು. ನಿಂತ ವಾಹನಗಳ ನಡುವೆ ದಾರಿ ಮಾಡಿಕೊಂಡು ರಸ್ತೆಯಂಚಿಗೆ ಬಂದು, ಸಿಕ್ಕಿದ ಬಸ್ಸು ಹತ್ತಿದಳು. ಕಿಟಕಿಯಿಂದ ತಿರುಗಿ ಕೂಡ ನೋಡಲಿಲ್ಲ. ಸಿಟ್ಟು ಅಂದರೆ ಸಿಟ್ಟೂ ಅಲ್ಲ. ಆ ಸೀಟಿನಲ್ಲಿ ಇನ್ನೊಂದು ನಿಮಿಷ ಕೂರಲು ಅವಳ ಮೈಯಲ್ಲಿ ಏನೂ ಉಳಿದಿರಲಿಲ್ಲ, ಅಷ್ಟೇ.

ಪೈಲಟ್ ಮನೆಗೆ ಬಂದದ್ದು ಎರಡೂವರೆ ಗಂಟೆ ಬಿಟ್ಟು. ಅವಳ ಲೈಸೆನ್ಸನ್ನು ಮೇಜಿನ ಮೇಲಿಟ್ಟು, ಒಂದು ಲೋಟ ನೀರು ಕುಡಿದು, ಎದುರಿನ ಕುರ್ಚಿಯಲ್ಲಿ ಕೂತ.

"ಎಷ್ಟು ಹೊತ್ತು ಕೂತಿದ್ರಿ ಅಲ್ಲಿ?" ಕೊನೆಗೆ ಅವಳೇ ಕೇಳಿದಳು.

"ಅಂಗಡಿಯವನು ಬರೋವರೆಗೂ. ಫೋನ್ ಮಾಡಿದೆ. ನಡ್ಕೊಂಡು ಬಂದ ಪುಣ್ಯಾತ್ಮ." ಕತ್ತಿನ ಬೆವರು ಒರೆಸಿಕೊಂಡು, "ಎಲ್ಲರೂ ಬಯ್ಕೊಂಡು ಹೋದ್ರು. ಒಬ್ಬ ಬಸ್ ಡ್ರೈವರ್ ಕಿಟಕಿಯಿಂದ ಬಗ್ಗಿ, ಏನ್ ಯಜಮಾನ್ರೇ, ಪಕ್ಕಕ್ಕೆ ಹಾಕೋಕೂ ಬರಲ್ವಾ ಅಂದ. ನಮ್ಮ ಡಿಪೋದವನಲ್ಲ, ಸದ್ಯ."

ಅವಳು ಅವನ ಖಾಲಿ ಲೋಟಕ್ಕೆ ಮತ್ತೆ ನೀರು ತುಂಬಿದಳು.

"ಕೀಲಿ ಅಲ್ಲೇ ಇತ್ತು ಕಣೇ. ಪಕ್ಕದ ಸೀಟಿಗೆ ಸರಿದು ಕೂತಿದ್ರೆ ಒಂದೇ ನಿಮಿಷದ ಕೆಲಸ." ಅವನು ತನ್ನ ಅಂಗೈಗಳನ್ನೇ ನೋಡಿಕೊಂಡ. "ಸರೀಲಿಲ್ಲ."

ತಾನು ಮಾಡಿದ್ದು ತಪ್ಪೆಂದು ಅವಳು ಹೇಳಲಿಲ್ಲ, ತನ್ನದು ತಪ್ಪೆಂದು ಅವನೂ ಹೇಳಲಿಲ್ಲ. ಆ ಸಂಜೆ ಇಬ್ಬರೂ ಬೇಗ ಉಂಡು ಮಲಗಿದರು. ಮುಂದಿನ ಮೂರು ಭಾನುವಾರ ಕಾರಿನ ಮಾತೇ ಬರಲಿಲ್ಲ. ಅವಳು ಬಸ್ಸಿನಲ್ಲೇ ಓಡಾಡಿದಳು.

ಆಮೇಲೆ ಒಂದು ದಿನ ವಿಭಾಗದ ಸೂಚನಾ ಫಲಕದಲ್ಲಿ ಕೈಬರಹದ ಚೀಟಿಯೊಂದು ಕಂಡಿತು. ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಿಯಾದ ಹಿರಿಯ ಸಿಸ್ಟರ್ ತಮ್ಮ ಕಾರನ್ನು ಮಾರುವವರಿದ್ದರು. ದೊಡ್ಡಕ್ಕ ಅವರ ಮುಖ ನೋಡಿದವಳಲ್ಲ. ಆದರೆ ಅವರ ವಾರ್ಡಿನ ಗಂಟುಗಳನ್ನು ಚೆನ್ನಾಗಿ ಬಲ್ಲಳು. ಇಡೀ ಆಸ್ಪತ್ರೆಯಲ್ಲಿ ರಕ್ತದ ಬಟ್ಟೆಗಳನ್ನು ಮೊದಲು ತಣ್ಣೀರಲ್ಲಿ ನೆನೆಸಿ, ಆಮೇಲೆ ಕಳಿಸುತ್ತಿದ್ದವರು ಅವರೊಬ್ಬರೇ. ಬಿಸಿನೀರು ತಾಗಿದರೆ ರಕ್ತದ ಕಲೆ ಕೂತುಬಿಡುತ್ತದೆ; ಕೆಳಗೆ ಯಾರೋ ಕೈನೋಯಿಸಿಕೊಂಡು ಉಜ್ಜಬೇಕಾಗುತ್ತದೆ. ಆ ಕೆಳಗಿನವರ ನೆನಪು ಮೇಲೆ ಯಾರಿಗಾದರೂ ಇದ್ದರೆ ಅದು ಈ ಸಿಸ್ಟರ್‌ಗೆ. ಚೀಟಿ ಓದಿ ದೊಡ್ಡಕ್ಕ ಆ ನಂಬರಿಗೆ ಫೋನ್ ಮಾಡಿದಳು.

ಭಾನುವಾರ ಗಂಡ ಹೆಂಡತಿ ಹೋದಾಗ ಸಿಸ್ಟರ್ ಗೇಟಿನ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಪ್ಪತ್ತೈದು ದಾಟಿದ ಮುದುಕಿ, ಎದ್ದು ನಿಂತರೆ ದೊಡ್ಡಕ್ಕನಿಗಿಂತ ಒಂದು ಬೆರಳು ಎತ್ತರ ಇದ್ದಾರೇನೋ. ಪಕ್ಕದಲ್ಲಿ ಕಾರು. ಚಿಕ್ಕದು, ಮೋಟು ಮೂಗಿನದು. ಹಳದಿಯಾಗಿದ್ದದ್ದು ಬಿಸಿಲಿಗೆ ಬೆಳ್ಳಗಾಗಿ ಹಳೆ ಟವೆಲಿನ ಬಣ್ಣಕ್ಕೆ ಬಂದಿತ್ತು. ಪೈಲಟ್ ಅದನ್ನು ನೋಡಿದೊಡನೆ ಮೂಗು ಮುರಿದ.

"ಯಾರು ಓಡಿಸೋದು?" ಸಿಸ್ಟರ್ ಕೇಳಿದರು.

"ನಾನು ಸಿಸ್ಟರ್. ಹೊಸಬಳು. ಬಟ್ಟೆ ಒಗೆಯೋ ವಿಭಾಗದವಳು."

"ಹಾಗಾದ್ರೆ ಹತ್ತಮ್ಮ. ನೀವು ಇಲ್ಲೇ ಕೂತಿರಿ" ಎಂದು ಪೈಲಟ್‌ಗೆ ತಮ್ಮ ಕುರ್ಚಿ ತೋರಿಸಿದರು. ಅವನು ಏನೋ ಹೇಳಲು ಬಾಯಿ ತೆಗೆದ. ಮೂವತ್ತು ವರ್ಷ ಹೆರಿಗೆ ಕೋಣೆಯ ಬಾಗಿಲಲ್ಲಿ ಗಂಡಂದಿರನ್ನು ಹೊರಗೆ ಕೂರಿಸಿದ ಕೈ ಅದು. ಅವನು ಕೂತ.

ದೊಡ್ಡಕ್ಕ ಸೀಟಿನಲ್ಲಿ ಕೂತು ಎದುರಿಗೆ ನೋಡಿದಳು. ಬಾನೆಟ್ಟು ಕಾಣಿಸಿತು. ಬಾನೆಟ್ಟಿನ ಮುಂದೆ ನೆಲ ಕಾಣಿಸಿತು. ನೆಲದ ಮೇಲೆ ಹೋಗುತ್ತಿದ್ದ ಬೆಕ್ಕೂ ಕಾಣಿಸಿತು. ಸೀಟಿನ ಕೆಳಗೆ ಸಿಸ್ಟರ್ ಎಷ್ಟೋ ವರ್ಷಗಳ ಹಿಂದೆಯೇ ಕಬ್ಬಿಣದ ಪಟ್ಟಿ ಹಾಕಿಸಿ ಎತ್ತರ ಮಾಡಿಸಿದ್ದರು. ಕ್ಲಚ್ಚಿನ ಮೇಲೆ ಪಾದ ಪೂರ್ತಿ ಊರಿತು.

"ಎಲ್ಲಿಗೆ ಹೋಗ್ಲಿ ಸಿಸ್ಟರ್?"

"ನಿನಗೆ ಬೇಕಾದ ಕಡೆ ಹೋಗು."

ಗಾಡಿ ಮುಗ್ಗರಿಸದೆ ಹೊರಟಿತು. ಮೊದಲ ತಿರುವಿನಲ್ಲಿ ಅವಳು ಬೈಗುಳಕ್ಕೆ ಕಾದಳು, ಬರಲಿಲ್ಲ. ಎರಡನೇ ತಿರುವಿನಲ್ಲಿ ಗೇರು ಕರ್ರೆಂದಿತು, ಆಗಲೂ ಇಲ್ಲ. ದೊಡ್ಡ ರಸ್ತೆಗೆ ಬಂದ ಮೇಲೆ ಪಕ್ಕಕ್ಕೆ ನೋಡಿದರೆ ಸಿಸ್ಟರ್ ತಲೆ ವಾಲಿಸಿ, ಬಾಯಿ ಅರ್ಧ ತೆರೆದು ಗಾಢ ನಿದ್ದೆಯಲ್ಲಿದ್ದರು.

ದೊಡ್ಡಕ್ಕನಿಗೆ ಜೀವ ಬಾಯಿಗೆ ಬಂತು. ಎಬ್ಬಿಸಲೇ ಅಂದುಕೊಂಡಳು. ಆ ಮುಖ ನೋಡಿ ಮನಸ್ಸಾಗಲಿಲ್ಲ. ದಣಿದವರ ನಿದ್ದೆಯ ಬೆಲೆ ಅವಳಿಗೆ ಗೊತ್ತು. ವಾಪಸು ತಿರುಗಿಸಲು ಜಾಗ ಹುಡುಕುತ್ತಾ ಮುಂದೆ ಹೋದಳು, ಸಿಕ್ಕಿದ ಜಾಗ ಇಕ್ಕಟ್ಟೆಂದು ಇನ್ನೂ ಮುಂದೆ ಹೋದಳು. ಹಾಗೇ ಹೋಗುತ್ತಾ ಹೋಗುತ್ತಾ ತನ್ನ ಕೆಲಸದ ಕಟ್ಟಡದ ಗೇಟು ಎದುರಾಯಿತು. ದಿನಾ ಲಾರಿಗಳಿಗೆ ಹೆದರಿ ಮೈ ಹಿಡಿ ಮಾಡಿಕೊಂಡು ನಡೆಯುತ್ತಿದ್ದ ರಸ್ತೆಯನ್ನು ಅವಳು ಆಗಲೇ ದಾಟಿ ಬಂದಿದ್ದಳು. ಅಲ್ಲಿ ಗೇಟಿನ ಎದುರು ಗಾಡಿ ತಿರುಗಿಸಿ, ಬಂದ ದಾರಿಯಲ್ಲೇ ಹಿಂದಿರುಗಿದಳು.

ಮನೆಯ ಮುಂದೆ ಬ್ರೇಕ್ ಹಾಕಿದಾಗ ಸಿಸ್ಟರ್ ಕಣ್ಣುಬಿಟ್ಟರು. "ಬಂದ್ವಾ?" ಅಂದರು. ಪೈಲಟ್ ಗೇಟಿನ ಸರಳು ಹಿಡಿದು ನಿಂತಿದ್ದ. ಮುಖ ಬೂದಿಯಾಗಿತ್ತು.

"ಒಂದು ಗಂಟೆ ಹತ್ತು ನಿಮಿಷ! ಎಲ್ಲಿ ಹಾಳಾಗಿ ಹೋಗಿದ್ದೆ? ಯಾವ ಆಸ್ಪತ್ರೆಗೆ ಫೋನ್ ಮಾಡಲಿ ಅಂತ ಇದ್ದೆ."

"ಆಸ್ಪತ್ರೆ ಬಟ್ಟೆ ಒಗೆಯೋ ಕಡೆಯಿಂದಲೇ ಬಂದೆ" ಅಂದಳು ಅವಳು.

ಅವನು ಕಾರಿನ ಕೆಳಗೆ ಮಲಗಿ ನೋಡಿದ, ಬಾನೆಟ್ ಎತ್ತಿ ಕಿವಿಗೊಟ್ಟ, ಟೈರಿನ ಮೇಲೆ ಬೆರಳಾಡಿಸಿದ. ಹೆಂಡತಿಯನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ವರದಿ ಒಪ್ಪಿಸಿದ. ಕೆಳಗೆ ತುಕ್ಕು ಇದೆ. ಕ್ಲಚ್ಚು ಎರಡು ತಿಂಗಳಿಗಿಂತ ಹೆಚ್ಚು ಬರಲ್ಲ. ಹಿಂದಿನ ಟೈರು ಎರಡೂ ಸವೆದಿವೆ. "ಬೇಡ ಕಣೇ ಇದು. ಇದರಲ್ಲಿ ನನ್ನ ಮೊಣಕಾಲೇ ಹಿಡಿಸಲ್ಲ. ನಾಳೆ ನಾನು..." ಎಂದು ನಾಲಿಗೆ ಕಚ್ಚಿಕೊಂಡ.

ದೊಡ್ಡಕ್ಕ ಅವನ ಮುಖವನ್ನೇ ನೋಡಿದಳು. "ರೀ, ನೀವು ಓಡಿಸೋ ದಿನ ಬಂದಾಗ ನಿಮಗೆ ಬೇಕಾದ್ದು ತಗೊಳ್ಳೋಣ. ನಾನು ಬೇಡ ಅನ್ನಲ್ಲ. ಈಗ ಓಡಿಸೋಳು ನಾನು. ನನಗೆ ಇದರಲ್ಲಿ ರಸ್ತೆ ಕಾಣುತ್ತೆ."

ಅವನು ಆ ಬಿಳಿಚಿದ ಹಳದಿ ಗಾಡಿಯ ಸುತ್ತ ಒಂದು ಸುತ್ತು ಬಂದ. ಆಮೇಲೆ ಸಿಸ್ಟರ್ ಕಡೆ ತಿರುಗಿ, "ಕ್ಲಚ್ಚಿಗೆ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ ಸಿಸ್ಟರ್" ಅಂದ.

ಕ್ಲಚ್ಚು ಅವನು ಹೇಳಿದಂತೆ ಎರಡನೇ ತಿಂಗಳಿಗೇ ಹೋಯಿತು. "ಹೇಳಿರಲಿಲ್ವಾ?" ಎಂದು ಅವನು ದಿನಕ್ಕೆ ಮೂರು ಸಲ ಹೇಳಿದ, ಆದರೆ ಹೇಳುತ್ತಲೇ ಡಿಪೋದ ಮೆಕ್ಯಾನಿಕ್ ಗೆಳೆಯನನ್ನು ಕರೆತಂದು, ತಾನೂ ಮೈಗೆ ಗ್ರೀಸು ಬಳಿದುಕೊಂಡು ಸರಿಮಾಡಿಸಿದ. ಈಗ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದರು. ಅವನನ್ನು ಡಿಪೋದಲ್ಲಿ ಇಳಿಸಿ ಅವಳು ಮುಂದೆ ಹೋಗುತ್ತಿದ್ದಳು. ಅವನು ಎರಡೂ ಕೈಗಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿಕೊಂಡು ಕೂರುವುದನ್ನು ಕಲಿತ. ಎಲ್ಲಾದರೂ ಅವಳು ಗೇರು ತಪ್ಪಿಸಿದರೆ ಕೆಮ್ಮುತ್ತಿದ್ದ, ಅಷ್ಟೇ. ಕೆಲವು ದಿನ ಆ ಕೆಮ್ಮು ಡಿಪೋ ಬರುವವರೆಗೂ ನಿಲ್ಲುತ್ತಿರಲಿಲ್ಲ.

ಕಾರು ಬಂದಿತೆಂದು ದಣಿವು ಹೋಗಲಿಲ್ಲ. ಬಟ್ಟೆಯ ಗಂಟುಗಳು ಅಷ್ಟೇ ಬರುತ್ತಿದ್ದವು, ಮಣಿಕಟ್ಟು ಅಷ್ಟೇ ನೋಯುತ್ತಿತ್ತು. ಬೆಳಿಗ್ಗೆ ಮುಕ್ಕಾಲು ಗಂಟೆ ಹೆಚ್ಚು ಮಲಗಬಹುದಿತ್ತು. ಆದರೆ ದೇಹಕ್ಕೆ ಹಳೆಯ ಹೊತ್ತೇ ಅಭ್ಯಾಸವಾಗಿ ಎಚ್ಚರಾಗಿಬಿಡುತ್ತಿತ್ತು. ಅವಳು ಕತ್ತಲಲ್ಲಿ ಕಣ್ಣುಬಿಟ್ಟುಕೊಂಡು, ಏಳಬೇಕಿಲ್ಲ, ಏಳಬೇಕಿಲ್ಲ ಎಂದುಕೊಳ್ಳುತ್ತಾ ಬಿದ್ದಿರುತ್ತಿದ್ದಳು. ಅದೂ ಒಂದು ಸುಖವೇ.

ಫಿಟ್ಸ್ ಮತ್ತೆ ಬಂದದ್ದು ಮೊದಲ ಸಲ ಬಂದ ಒಂದು ವರ್ಷ ಐದು ತಿಂಗಳಿಗೆ. ಬೆಳಗಿನ ಐದೂವರೆ, ಡಿಪೋದ ದಾರಿ. ಅವನು ಏನೋ ಹೇಳುತ್ತಿದ್ದವನು ಮಾತಿನ ಮಧ್ಯೆ ನಿಲ್ಲಿಸಿದ. ಕೆಮ್ಮುತ್ತಿದ್ದಾನೆ ಎಂದುಕೊಂಡಳು. ಆದರೆ ಗಂಟಲಿನಿಂದ ಬಂದ ಸದ್ದು ಬೇರೆಯೇ ಆಗಿತ್ತು. ಅವನ ಕೈ ಸೆಟೆದು ಗೇರಿಗೆ ಬಡಿಯಿತು. ಅವಳು ಕನ್ನಡಿ ನೋಡಿದಳು, ಇಂಡಿಕೇಟರ್ ಹಾಕಿದಳು, ರಸ್ತೆಯ ಅಂಚಿಗೆ ತಂದು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಳು. ಆಮೇಲಷ್ಟೇ ಅವನ ಕಡೆ ತಿರುಗಿದಳು. ಸೀಟನ್ನು ಹಿಂದಕ್ಕೆ ಒರಗಿಸಿ, ತಲೆಯನ್ನು ಪಕ್ಕಕ್ಕೆ ಹೊರಳಿಸಿ, ಶರ್ಟಿನ ಗುಂಡಿ ಬಿಚ್ಚಿ, ಡ್ಯಾಶ್‌ಬೋರ್ಡಿನ ಗಡಿಯಾರ ನೋಡುತ್ತಾ ಅವನ ಭುಜ ಹಿಡಿದುಕೊಂಡಿದ್ದಳು. ಎರಡು ನಿಮಿಷ. ಕೊನೆಗೆ ಮೈ ಸಡಿಲವಾಗಿ ಉಸಿರು ಗೊರಗೊರ ಎನ್ನತೊಡಗಿತು. ಅವಳು ಮತ್ತೆ ಬೆಲ್ಟ್ ಹಾಕಿಕೊಂಡು ಗಾಡಿಯನ್ನು ಆಸ್ಪತ್ರೆಯ ಕಡೆಗೆ ತಿರುಗಿಸಿದಳು.

ಅರ್ಧ ದಾರಿಯಲ್ಲಿ ಅವನು ಕಣ್ಣುಬಿಟ್ಟ. ಎಲ್ಲಿದ್ದೇನೆಂದು ತಿಳಿಯದೆ ಮೇಲ್ಛಾವಣಿ ನೋಡಿದ.

"ಗಾಡಿ ಯಾರು ಓಡಿಸ್ತಿರೋದು?" ನಾಲಿಗೆ ತೊದಲುತ್ತಿತ್ತು.

"ನಾನೇ ರೀ."

"ಹ್ಞೂಂ. ಸರಿ ಹಾಗಾದ್ರೆ" ಎಂದು ಮತ್ತೆ ಕಣ್ಣುಮುಚ್ಚಿದ.

ಆ ಮಾತಿಗೆ ಅವಳಿಗೆ ಅಳು ಬಂತು. ಅತ್ತರೆ ರಸ್ತೆ ಮಂಜಾಗುತ್ತದೆ ಎಂದು ತಡೆದುಕೊಂಡಳು.

ವಾರ್ಡಿನಲ್ಲಿ ಸಂಜೆಯವರೆಗೂ ಇಟ್ಟುಕೊಂಡರು. ಅವನ ಕೆಳಗೆ ಹಾಸಿದ್ದ ಬೆಡ್‌ಶೀಟು ಅವಳ ವಿಭಾಗದಿಂದಲೇ ಬಂದದ್ದು. ಅಂಚು ಸರಿಯಾಗಿ ಮಡಚಿರಲಿಲ್ಲ. ಕೂತಲ್ಲೇ ಅದನ್ನು ಎಳೆದೆಳೆದು ಸರಿಮಾಡಿದಳು. ಡಾಕ್ಟರು ಬಂದು ಮಾತ್ರೆ ಬದಲಿಸಿ, "ಎರಡು ವರ್ಷದ ಲೆಕ್ಕ ಮತ್ತೆ ಮೊದಲಿಂದ ಶುರು" ಅಂದರು. ಪೈಲಟ್ ತಲೆಯಾಡಿಸಿದ. ಅವರು ಹೋದ ಮೇಲೆ ಗೋಡೆಯ ಕಡೆ ಹೊರಳಿ ಮಲಗಿದ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು.

ಬಿಸಿಲು ಇಳಿಯುವ ಹೊತ್ತಿಗೆ ಮನೆಗೆ ಕಳಿಸಿದರು. ಅವಳು ಹಿಂದಿನ ಬಾಗಿಲು ತೆಗೆದು, "ಮಲಗಿಕೊಂಡು ಬನ್ನಿ" ಅಂದಳು. ಅವನು ಬೇಡವೆಂದು ಮುಂದೆಯೇ ಕೂತ. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಅವಳು ಗಾಡಿಯನ್ನು ಆಸ್ಪತ್ರೆಯ ಗೇಟಿನವರೆಗೆ ತಂದು ನಿಲ್ಲಿಸಿದಳು. ಸಂಜೆಯ ದಟ್ಟಣೆ. ಅವನ ಕಡೆಯ ರಸ್ತೆಯನ್ನು ನಿಂತ ವ್ಯಾನೊಂದು ಮರೆಮಾಡಿತ್ತು. ಅವಳು ಕುತ್ತಿಗೆ ಚಾಚಿದರೂ ಕಾಣಲಿಲ್ಲ.

"ರೀ, ನಿಮ್ಮ ಕಡೆ ಯಾರಾದ್ರೂ ಬರ್ತಿದಾರಾ ನೋಡ್ರಿ."

ಅವನು ತಕ್ಷಣ ತಿರುಗಲಿಲ್ಲ. ಆಮೇಲೆ ನೆಟ್ಟಗೆ ಕೂತು, ಗಾಜು ಇಳಿಸಿ, ತಲೆ ಹೊರಗೆ ಹಾಕಿ ನೋಡಿದ.

"ಒಂದು ಆಟೋ ಇದೆ, ತಾಳು" ಅಂದ. ಆಟೋ ಹೋಯಿತು. "ಈಗ ಇಲ್ಲ. ಹೋಗು."

ಅವಳು ಹೊರಟಳು.